ತಲೆಗೆ 27 ನಿಮಿಷ: ಆರೈಕೆಯ ಅವಸರದಲ್ಲಿ ಹಿರಿಯರು ಕಳೆದುಕೊಳ್ಳುತ್ತಿರುವುದೇನು

ಇಪ್ಪತ್ತು ಮಂದಿ ಹಿರಿಯರಿರುವ, ಬೆಂಗಳೂರಿನ ಒಂದು ಆರೈಕೆ ಕೇಂದ್ರದ ಬೆಳಗಿನ ಲೆಕ್ಕ ಹಾಕಿ ನೋಡೋಣ. ಪಾಳಿಯಲ್ಲಿ ಮೂವರು ಅಟೆಂಡರ್‌ಗಳು. ಆರು ಗಂಟೆಯಿಂದ ಒಂಬತ್ತರೊಳಗೆ ಎಲ್ಲರನ್ನೂ ಎಬ್ಬಿಸಿ, ಶೌಚ, ಸ್ನಾನ, ಬಟ್ಟೆ, ತಿಂಡಿ, ಮಾತ್ರೆ ಮುಗಿಸಬೇಕು. ಮೂವರ ಮೂರು ಗಂಟೆ ಸೇರಿದರೆ 540 ನಿಮಿಷ. ತಲೆಗೆ 27 ನಿಮಿಷ. ಕೈ ನಡುಗುವ, ಮಂಡಿ ನೋಯುವ ಒಬ್ಬ ಅಜ್ಜಿ ತಮ್ಮ ಸೀರೆಯನ್ನು ತಾವೇ ಉಡಲು ಕೂತರೆ ಅದಕ್ಕೇ ಅಷ್ಟು ಹೊತ್ತು ಹಿಡಿಯುತ್ತದೆ. ಅಟೆಂಡರ್ ನೈಟಿ ಹಾಕಿಬಿಟ್ಟರೆ ಮೂರು ನಿಮಿಷ. ಹಾಗಾಗಿ ನೈಟಿ ಬರುತ್ತದೆ. ಅದೇ ಲೆಕ್ಕದಲ್ಲಿ ಶೌಚಾಲಯದವರೆಗೆ ನಡೆಸುವ ಬದಲು ಡೈಪರ್ ಬರುತ್ತದೆ, ತಾವೇ ಕಲಸಿ ತಿನ್ನುವ ಬದಲು ಚಮಚದ ತುತ್ತು ಬರುತ್ತದೆ.

ಇಲ್ಲಿ ಯಾರೂ ಕ್ರೂರಿಗಳಲ್ಲ. ಅಟೆಂಡರ್ ಮುತುವರ್ಜಿಯಿಂದಲೇ ಕೆಲಸ ಮಾಡುತ್ತಿರಬಹುದು, ಕೇಂದ್ರ ಚೊಕ್ಕಟವಾಗಿರಬಹುದು. ಆದರೂ ಆರು ತಿಂಗಳಲ್ಲಿ ಆ ಅಜ್ಜಿಗೆ ಸೀರೆ ಉಡಲು ನಿಜವಾಗಿಯೂ ಬಾರದಂತಾಗುತ್ತದೆ. ಬಳಸದ ಸ್ನಾಯು ಎಷ್ಟು ಬೇಗ ಸೋಲುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. ಆರೋಗ್ಯವಂತ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿದ ಅಮೆರಿಕದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳಲ್ಲಿ ಹತ್ತೇ ದಿನಕ್ಕೆ ಸುಮಾರು ಒಂದು ಕಿಲೋದಷ್ಟು ಮಾಂಸಲ ಭಾಗ ಕರಗಿತ್ತು. ಆಮೇಲೆ ‘ಅವರಿಗೆ ಏನೂ ಮಾಡಿಕೊಳ್ಳಲು ಆಗುವುದಿಲ್ಲ’ ಎಂದು ಫೈಲಿನಲ್ಲಿ ಬರೆಯುವುದು ಸುಲಭ. ಆಗದಂತೆ ಮಾಡಿದ್ದು ವಯಸ್ಸೊಂದೇ ಅಲ್ಲ, ನಮ್ಮ ಅವಸರವೂ ಹೌದು.

ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಮರೆವಿನ ಕಾಯಿಲೆಯವರ ಆರೈಕೆಯನ್ನು ಅಭ್ಯಾಸ ಮಾಡಿದ ಟಾಮ್ ಕಿಟ್‌ವುಡ್, ಒಳ್ಳೆಯ ಮನಸ್ಸಿನವರೇ ತಿಳಿಯದೆ ರೋಗಿಯ ವ್ಯಕ್ತಿತ್ವವನ್ನು ಕುಗ್ಗಿಸುವ 17 ಬಗೆಗಳನ್ನು ಪಟ್ಟಿ ಮಾಡಿದ್ದರು. ಮಗುವಿನಂತೆ ನಡೆಸಿಕೊಳ್ಳುವುದು, ಎದುರಿಗೇ ಇದ್ದರೂ ಇಲ್ಲದವರಂತೆ ಅವರ ಬಗ್ಗೆ ಮಾತಾಡುವುದು, ಅವರಿಂದಾಗುವ ಕೆಲಸವನ್ನು ಕೈಯಿಂದ ಕಿತ್ತುಕೊಳ್ಳುವುದು ಆ ಪಟ್ಟಿಯಲ್ಲಿವೆ. ಅವರು ಹಿಂಬಾಲಿಸಲಾರದ ವೇಗದಲ್ಲಿ ಮಾತಾಡುವುದು, ಕೆಲಸ ಮಾಡುವುದೂ ಅದರಲ್ಲಿದೆ. ಬೆಂಗಳೂರಿನ ಮಟ್ಟಿಗೆ ಉಳಿದ ಹಲವು ತಪ್ಪುಗಳು ಹುಟ್ಟುವುದು ಈ ಕೊನೆಯದರಿಂದಲೇ. ಹಿರಿಯರ ಇಚ್ಛೆಗೆ ತಕ್ಕ ಆರೈಕೆ ಎಂದು ಕೇಂದ್ರಗಳ ಕರಪತ್ರಗಳೆಲ್ಲ ಹೇಳುತ್ತವೆ. ಆ ಮಾತು ನಿಜವೋ ಅಲ್ಲವೋ ಎಂಬುದನ್ನು ಅಲ್ಲಿನ ಡ್ಯೂಟಿ ಚಾರ್ಟು ಹೇಳಿಬಿಡುತ್ತದೆ.

ಗಿರಾಕಿ ಯಾರು?

ತಿಂಗಳ ಹಣ ಕಟ್ಟುವವರು ನ್ಯೂಜೆರ್ಸಿಯಲ್ಲೋ ವೈಟ್‌ಫೀಲ್ಡಿನಲ್ಲೋ ಇರುವ ಮಕ್ಕಳು. ಒಪ್ಪಂದಕ್ಕೆ ಸಹಿ ಅವರದು, ಫೋನು ಹೋಗುವುದು ಅವರಿಗೆ, ವಾಟ್ಸ್ಯಾಪಿನಲ್ಲಿ ಫೋಟೊ ಹೋಗುವುದೂ ಅವರಿಗೇ. ಅವರ ದೊಡ್ಡ ಭಯ ಒಂದೇ: ಅಪ್ಪನೋ ಅಮ್ಮನೋ ಬಿದ್ದುಬಿಟ್ಟರೆ? ಆ ಭಯ ಸಹಜ. ಸೊಂಟದ ಮೂಳೆ ಮುರಿದರೆ ಆಮೇಲೆ ಮೊದಲಿನಂತೆ ಓಡಾಡುವುದು ಎಷ್ಟೋ ಮಂದಿಗೆ ಸಾಧ್ಯವಾಗುವುದಿಲ್ಲ.

ಆದರೆ ಕೇಂದ್ರಕ್ಕೆ ಇದರಿಂದ ಸಿಗುವ ಸಂದೇಶವೇ ಬೇರೆ. ಬೀಳಬಾರದು ಎಂದರೆ ಕೂರಿಸಿಬಿಡುವುದು ಸುಲಭ. ದಿನವಿಡೀ ಕೂತವರ ತೊಡೆ ಸೊರಗುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಕುಸಿಯುತ್ತದೆ, ರಾತ್ರಿ ಯಾರನ್ನೂ ಕರೆಯದೆ ಬಚ್ಚಲಿಗೆ ಎದ್ದಾಗ ಬೀಳುತ್ತಾರೆ. ಬೀಳದಂತೆ ಕೂರಿಸಿದ್ದೇ ಬೀಳಲು ದಾರಿಯಾಗುತ್ತದೆ. ಆಗ ಹಾಸಿಗೆಗೆ ಕಟಕಟೆ ಹಾಕುತ್ತಾರೆ. ಗಲಿಬಿಲಿಯಲ್ಲಿರುವವರು ಅದನ್ನೂ ಹತ್ತಿ ಇಳಿಯಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ.

ಮಕ್ಕಳು ಕೇಳುವ ಪ್ರಶ್ನೆ ಬದಲಾದರೆ ಕೇಂದ್ರದ ನಡೆಯೂ ಬದಲಾಗುತ್ತದೆ. ‘ಊಟ ಮಾಡಿದ್ರಾ, ಮಾತ್ರೆ ಕೊಟ್ಟಿರಾ’ ಎಂದಷ್ಟೇ ಕೇಳುವ ಬದಲು ‘ಇವತ್ತು ಅಮ್ಮ ತಾವಾಗಿಯೇ ಏನೇನು ಮಾಡಿಕೊಂಡರು, ಎಷ್ಟು ಹೊತ್ತು ನಡೆದರು’ ಎಂದು ವಾರಕ್ಕೊಮ್ಮೆ ಕೇಳಿ. ಉತ್ತರ ಕೊಡಬೇಕಾದರೆ ಯಾರಾದರೂ ಗಮನಿಸಿರಲೇಬೇಕು. ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ನಿತ್ಯ ಹಿಡಿಯುವ ಕೋಲು ಹಿಡಿಯಬಹುದು. 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಅರ್ಥ. ತಿಂಗಳಿಗೊಮ್ಮೆ ಬರೆದಿಟ್ಟರೆ ಆರೈಕೆ ಅವರನ್ನು ಗಟ್ಟಿ ಮಾಡುತ್ತಿದೆಯೋ ಸೊರಗಿಸುತ್ತಿದೆಯೋ ಎಂದು ತಿಳಿಯುತ್ತದೆ. ಜೊತೆಗೆ ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಬೇಕು. ಮೇಲಿನ ಅಂಕಿ 20ರಷ್ಟು ಇಳಿದರೆ ನಡಿಗೆಯನ್ನು ನಿಲ್ಲಿಸಿಬಿಡುವುದು ಪರಿಹಾರವಲ್ಲ, ಡಾಕ್ಟರ ಹತ್ತಿರ ಮಾತ್ರೆಗಳ ಪಟ್ಟಿ ಒಯ್ಯಬೇಕು.

ಬೆಳಗನ್ನು ಮತ್ತೆ ಹಂಚುವುದು

‘ನಮಗೆ ಜನ ಸಾಲದು’ ಎನ್ನುತ್ತಾರೆ ಕೇಂದ್ರ ನಡೆಸುವವರು. ಮಾತು ಸುಳ್ಳಲ್ಲ. ಆದರೆ ಇರುವ ಜನರನ್ನೇ ಬೇರೆ ರೀತಿ ಹಂಚಬಹುದು. ಮೇಲಿನ 540 ನಿಮಿಷವನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಎಲ್ಲರಿಗೂ ಬೇಕಾದದ್ದು ಶೌಚ, ಮುಖ ತೊಳೆಯುವುದು, ಕಾಫಿ, ತಿಂಡಿ. ಅದಕ್ಕೆ ತಲೆಗೆ 12 ನಿಮಿಷದಂತೆ 240 ನಿಮಿಷ ಕಳೆದರೆ 300 ಉಳಿಯಿತು. ಇಪ್ಪತ್ತೂ ಮಂದಿಯ ಸ್ನಾನ ಆಗಲೇ ಮುಗಿಯಬೇಕು ಎಂದು ಯಾರು ಹೇಳಿದ್ದು? ಸ್ನಾನವಾಗದೆ ದೇವರಿಗೆ ದೀಪ ಹಚ್ಚದವರು, ಸ್ನಾನಕ್ಕೆ ಮೊದಲು ಏನನ್ನೂ ಬಾಯಿಗೆ ಹಾಕದವರು ಏಳೆಂಟು ಮಂದಿ ಇರಬಹುದು. ಅವರನ್ನು ಮಾತ್ರ ಬೆಳಗಿಗೆ ಇಟ್ಟುಕೊಂಡರೆ ಎಂಟು ಮಂದಿಗೆ ತಲಾ 37 ನಿಮಿಷ ಸಿಗುತ್ತದೆ. ಉಳಿದವರಿಗೆ ಹನ್ನೊಂದು ಗಂಟೆಗೋ ಸಂಜೆ ನಾಲ್ಕಕ್ಕೋ ಆಗಬಹುದು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಹನ್ನೊಂದರ ಸ್ನಾನವೇ ಹಿತ. ಸೋಲಾರ್ ಬಿಸಿನೀರು ಹತ್ತನೆಯವರ ಸರದಿಗೆ ಮುಗಿದುಹೋಗುವ ರಗಳೆಯೂ ತಪ್ಪುತ್ತದೆ.

ಆ 37 ನಿಮಿಷದಲ್ಲಿ ಮಾಡುವುದೇನು ಎಂಬುದು ಮುಖ್ಯ. ಸಹಾಯಕ್ಕೆ ಮೆಟ್ಟಿಲುಗಳಿವೆ. ಮೊದಲು ಸಾಮಾನು ಕೈಗೆಟಕುವಂತೆ ಇಡುವುದು, ಬಟ್ಟೆಯನ್ನು ಹಾಕಿಕೊಳ್ಳುವ ಕ್ರಮದಲ್ಲೇ ಜೋಡಿಸುವುದು. ಸಾಲದಿದ್ದರೆ ಬಾಯಲ್ಲಿ ಹೇಳುವುದು, ಒಂದು ಸಲಕ್ಕೆ ಒಂದೇ ಮಾತು. ಹೇಳಿ ಹತ್ತು ಸೆಕೆಂಡು ಕಾಯಬೇಕು, ಅಟೆಂಡರ್‌ಗಳಿಗೆ ಅತ್ಯಂತ ಕಷ್ಟವಾಗುವುದು ಇದೇ. ಆಮೇಲೆ ತೋರಿಸುವುದು, ಆಮೇಲೆ ಅವರ ಕೈ ಹಿಡಿದು ಶುರು ಮಾಡಿಕೊಟ್ಟು ಬಿಡುವುದು. ಇಷ್ಟಾದರೂ ಆಗದ ಭಾಗವನ್ನು ಮಾತ್ರ ನಾವು ಮಾಡುವುದು. ಬೆನ್ನು ಉಜ್ಜಲು ಬೇರೆಯವರು ಬೇಕಾದ ಮಾತ್ರಕ್ಕೆ ಮುಖವನ್ನೂ ಬೇರೆಯವರೇ ತೊಳೆಯಬೇಕಿಲ್ಲ.

ಪಾರ್ಶ್ವವಾಯುವಾದವರಿಗೆ ಬಟ್ಟೆ ಹಾಕುವಾಗ ಬಲ ಕಳೆದುಕೊಂಡ ಕೈ ಮೊದಲು ತೋಳಿನೊಳಗೆ ಹೋಗಬೇಕು, ಬಿಚ್ಚುವಾಗ ಅದು ಕೊನೆಗೆ ಬರಬೇಕು. ಕ್ರಮ ತಪ್ಪಿದರೆ ಭುಜ ಎಳೆದಂತಾಗಿ ನೋವು. ನೋವಾದವರು ಮರುದಿನ ಕೈ ಚಾಚುವುದಿಲ್ಲ, ‘ಸಹಕರಿಸುವುದಿಲ್ಲ’ ಎಂಬ ಹೆಸರು ಅವರಿಗೆ ಅಂಟುತ್ತದೆ. ಬಟ್ಟೆಯನ್ನೇ ಸ್ವಲ್ಪ ಬದಲಿಸಿದರೆ ಅರ್ಧ ಕೆಲಸ ಮುಗಿಯಿತು. ಲಂಗದ ಲಾಡಿಗೆ ಬದಲು ಎಲಾಸ್ಟಿಕ್, ಬ್ಲೌಸಿನ ಹುಕ್ಕಿನ ಜಾಗದಲ್ಲಿ ವೆಲ್ಕ್ರೊ, ಪಂಚೆಯ ಸೊಂಟಕ್ಕೂ ವೆಲ್ಕ್ರೊ ಪಟ್ಟಿ, ನೆರಿಗೆಯನ್ನು ಮೊದಲೇ ಹಿಡಿದು ಹೊಲಿದ ಸೀರೆ. ಬಡಾವಣೆಯ ಟೈಲರ್ ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸವಿದು. ಜೀವನದಲ್ಲಿ ಒಮ್ಮೆಯೂ ಪರರೆದುರು ನೈಟಿಯಲ್ಲಿ ಕಾಣಿಸಿಕೊಳ್ಳದ ಹೆಂಗಸು ಪಡಸಾಲೆಯಲ್ಲಿ ಅಪರಿಚಿತ ಗಂಡಸರ ನಡುವೆ ಹಾಗೆ ಕೂರಬೇಕಾದ ಸಂಕಟ ಇದರಿಂದ ತಪ್ಪುತ್ತದೆ.

ಡೈಪರ್ ಎಂಬ ತಿರುವು

ಸ್ವಾವಲಂಬನೆ ಕೈಜಾರುವ ಜಾಗಗಳಲ್ಲಿ ಇದು ಎಲ್ಲಕ್ಕಿಂತ ಮುಖ್ಯ. ಆಸ್ಪತ್ರೆಯಿಂದ ಬಂದ ವಾರ ಅಗತ್ಯಕ್ಕೆಂದು ಹಾಕಿದ ಡೈಪರನ್ನು ತೆಗೆಯಲು ಯಾರಿಗೂ ನೆನಪಾಗುವುದಿಲ್ಲ. ‘ಡೈಪರ್ ಇದೆಯಲ್ಲ, ಅದರಲ್ಲೇ ಮಾಡಿ’ ಎಂಬ ಮಾತು ಹಲವು ಕಡೆ ಕೇಳಿಬರುತ್ತದೆ. ಒಬ್ಬ ಹಿರಿಯರಿಗೆ ಇದಕ್ಕಿಂತ ಅವಮಾನದ ಮಾತು ಇನ್ನೊಂದಿಲ್ಲ. ಕೆಲವು ವಾರಗಳಲ್ಲಿ ತಡೆದುಕೊಳ್ಳುವ ಅಭ್ಯಾಸ ತಪ್ಪುತ್ತದೆ, ಒದ್ದೆಯಿಂದ ಚರ್ಮ ಮೆತ್ತಗಾಗಿ ಬೆಡ್‌ಸೋರ್‌ಗೆ ದಾರಿಯಾಗುತ್ತದೆ. ಖರ್ಚಂತೂ ಇದ್ದೇ ಇದೆ. ಒಂದಕ್ಕೆ 40 ರೂಪಾಯಿಯಂತೆ ದಿನಕ್ಕೆ ನಾಲ್ಕು ಎಂದರೆ ತಿಂಗಳಿಗೆ 4,800 ರೂಪಾಯಿ.

ಹಿಂತಿರುಗುವ ದಾರಿ ಹೀಗೆ. ಮೂರು ದಿನ ಎಷ್ಟು ಹೊತ್ತಿಗೆ ನೀರು, ಕಾಫಿ ಕುಡಿದರು, ಯಾವಾಗ ಮೂತ್ರವಾಯಿತು, ಯಾವಾಗ ಒದ್ದೆಯಾಗಿತ್ತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅವರವರ ಗತಿ ಕಾಣುತ್ತದೆ. ಅದಕ್ಕಿಂತ ಸ್ವಲ್ಪ ಮೊದಲೇ, ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ, ಎದ್ದ ಕೂಡಲೇ ಮತ್ತು ಊಟದ ನಂತರ ತಪ್ಪದೆ ಶೌಚಾಲಯಕ್ಕೆ ಕರೆದೊಯ್ಯಿರಿ. ನೀರಿಳಿಸುವ ಮಾತ್ರೆ ಇದ್ದರೆ ಅದನ್ನು ಬೆಳಗ್ಗೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ, ಸಂಜೆ ಕೊಟ್ಟರೆ ರಾತ್ರಿಯಿಡೀ ಎದ್ದೇಳಬೇಕಾಗುತ್ತದೆ. ಇದ್ದಕ್ಕಿದ್ದಂತೆ ಶುರುವಾದ ಸೋರಿಕೆಗೆ ಮೂತ್ರದ ಸೋಂಕು ಅಥವಾ ಮಲಬದ್ಧತೆಯೂ ಕಾರಣವಿರಬಹುದು, ಮೊದಲು ಅದನ್ನು ನೋಡಿಸಬೇಕು. ಒದ್ದೆಯಾಗುತ್ತದೆಂದು ನೀರು ಕಡಿಮೆ ಕೊಡುವುದು ದೊಡ್ಡ ತಪ್ಪು. ನೀರು ಕಡಿಮೆಯಾದರೆ ಮಲಬದ್ಧತೆಯೂ ಸೋಂಕೂ ಹೆಚ್ಚುತ್ತವೆ. ಈ ಪ್ರಯತ್ನದಲ್ಲಿ ಎಲ್ಲರೂ ಡೈಪರ್ ಬಿಡುವುದಿಲ್ಲ. ಹಗಲು ಬಿಟ್ಟು ರಾತ್ರಿ ಮಾತ್ರ ಹಾಕುವಂತಾದರೂ ಅದು ದೊಡ್ಡ ಗೆಲುವೇ.

ಬಚ್ಚಲು ಸರಿಯಿಲ್ಲದೆ ಇದೆಲ್ಲ ನಡೆಯದು. ನಮ್ಮ ಮನೆಗಳ ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡ ಬಂದರೆ ಹೊರಗಿನಿಂದ ತೆರೆಯಲಾಗದು. ಹೊರಕ್ಕೆ ತೆರೆಯುವ ಬಾಗಿಲು, ಹೊರಗಿನಿಂದಲೂ ಬಿಚ್ಚಬಹುದಾದ ಚಿಲಕ ಇರಬೇಕು. ಆಗ ಹಿರಿಯರು ನಿಶ್ಚಿಂತೆಯಿಂದ ಬಾಗಿಲು ಹಾಕಿಕೊಳ್ಳಬಹುದು, ‘ಬಾಗಿಲು ತೆರೆದೇ ಇಡಿ’ ಎನ್ನುವ ಪ್ರಮೇಯವಿರುವುದಿಲ್ಲ. ಕಮೋಡಿನ ಎತ್ತರ 45ರಿಂದ 48 ಸೆಂಟಿಮೀಟರ್, ಪಕ್ಕದಲ್ಲಿ ಗೋಡೆಗೆ ಬೋಲ್ಟು ಹಾಕಿದ ಹಿಡಿಕೆ ಇರಲಿ. ಟವೆಲ್ ಹಾಕುವ ಸರಳು ಹಿಡಿಕೆಯಲ್ಲ, ಭಾರ ಬಿದ್ದರೆ ಕಿತ್ತು ಬರುತ್ತದೆ. ಸ್ನಾನಕ್ಕೆ ಕೂರುವ ಕುರ್ಚಿಯ ಕಾಲಿಗೆ ರಬ್ಬರ್ ಇರಲಿ, ಬಕೆಟ್ ನೆಲದ ಮೇಲಲ್ಲದೆ ಒಂದು ಗಟ್ಟಿ ಸ್ಟೂಲಿನ ಮೇಲಿರಲಿ, ಬಗ್ಗಿ ನೀರು ಮೊಗೆಯುವಾಗಲೇ ತಲೆ ಸುತ್ತುವುದು. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ ಬೇಕು. ಹೊಸ್ತಿಲು ಎರಡಿಂಚೇ ಇದ್ದರೂ ಅದಕ್ಕೆ ಇಳಿಜಾರು ಪಟ್ಟಿ ಹಾಕಿಸಬೇಕು.

‘ಏನಾದ್ರೂ ಪರವಾಗಿಲ್ಲಪ್ಪ’

ಹಿರಿಯರ ಇಷ್ಟ ಕೇಳಿ ಆರೈಕೆ ಮಾಡಿ ಎಂಬ ಸಲಹೆ ನಮ್ಮಲ್ಲಿ ಮುಗ್ಗರಿಸುವುದು ಇಲ್ಲಿ. ಕೇಳಿದರೆ ಅವರು ಹೇಳುವುದಿಲ್ಲ. ‘ನಿಮಗೆ ಹೇಗೆ ಅನುಕೂಲವೋ ಹಾಗೆ’ ಎನ್ನುತ್ತಾರೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಂಡು ಬದುಕು ಕಳೆದ ಹೆಂಗಸಿಗೆ 80ರಲ್ಲಿ ‘ನಿಮಗೇನು ಬೇಕು’ ಎಂಬ ಪ್ರಶ್ನೆಯೇ ಮುಜುಗರ. ಗಂಡಸರಿಗೆ, ಕೇಳಿದರೆ ಎಲ್ಲಿ ಹೊರೆಯಾಗುತ್ತೇನೋ ಎಂಬ ಅಳುಕು. ‘ಕೇಳಿದೆವು, ಪರವಾಗಿಲ್ಲ ಎಂದರು’ ಎಂದು ಬರೆದುಕೊಂಡರೆ ಅದು ಉತ್ತರವಾಗುವುದಿಲ್ಲ.

ಕೇಳುವ ಬಗೆ ಬೇರೆಯಿರಬೇಕು. ಎರಡು ಸೀರೆ ಕೈಯಲ್ಲಿ ಹಿಡಿದು ‘ಇದಾ, ಇದಾ?’ ಎನ್ನಿ. ಆಗ ಕಣ್ಣೋ ಕೈಯೋ ಹೇಳುತ್ತದೆ. ತಟ್ಟೆಯಲ್ಲಿ ಏನು ಉಳಿಯಿತು ನೋಡಿ: ಅನ್ನ ಬಿಟ್ಟು ಸಾರು ಮಾತ್ರ ಕುಡಿದರೆ ಹಲ್ಲಿನ ಸೆಟ್ ಸಡಿಲವಾಗಿರಬಹುದು. ಬರೀ ಅನ್ನ ಬೇಡವಾಗಿ ಮುದ್ದೆಗೆ ಕಾದಿರುವುದೂ ಇದ್ದೀತು. ಮಕ್ಕಳನ್ನು ಕೇಳುವಾಗ ಕಾಯಿಲೆಯ ಪಟ್ಟಿಯ ಜೊತೆಗೆ ದಿನಚರಿಯನ್ನೂ ಕೇಳಿ. ಎಷ್ಟು ಹೊತ್ತಿಗೆ ಏಳುತ್ತಿದ್ದರು, ಕಾಫಿ ಲೋಟದಲ್ಲೋ ಕಪ್ಪಿನಲ್ಲೋ, ಪೇಪರು ಯಾವುದು, ಯಾವ ಬದಿಗೆ ಮಲಗುತ್ತಾರೆ, ಏಕಾದಶಿ ಹಿಡಿಯುತ್ತಾರೆಯೇ, ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತಾರೆಯೇ. ಏನೆಂದು ಕರೆದರೆ ಓಗೊಡುತ್ತಾರೆ ಎಂಬುದನ್ನೂ ಕೇಳಬೇಕು. ಮೂವತ್ತು ವರ್ಷ ‘ಮಿಸ್’ ಎನಿಸಿಕೊಂಡ ಟೀಚರಿಗೆ ‘ಅಜ್ಜಿ, ಬಾಯಿ ತೆಗೀ’ ಎಂದರೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಇದೆಲ್ಲ ಒಂದೇ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ, ಬೀರುವಿನ ಬಾಗಿಲ ಒಳಬದಿಗೆ ಅಂಟಿರಬೇಕು. ಆಫೀಸಿನ ಫೈಲಿನಲ್ಲಿದ್ದರೆ ಪ್ರಯೋಜನವಿಲ್ಲ. ಅಟೆಂಡರ್‌ಗಳು ಪದೇ ಪದೇ ಬದಲಾಗುತ್ತಾರೆ, ಹೊಸಬರು ಮೊದಲ ದಿನವೇ ಓದುವಂತಿರಬೇಕು. ಅವರಲ್ಲಿ ಬಹಳಷ್ಟು ಮಂದಿ ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಬಂದ ಹುಡುಗ ಹುಡುಗಿಯರು. ಅವರಿಗೆ ಕನ್ನಡ ಬಾರದು, ಅಜ್ಜನಿಗೆ ಹಿಂದಿ ಬಾರದು. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಮಸುಕಾಗುವುದು ಸಾಮಾನ್ಯ. ಇಂಗ್ಲಿಷಿನಲ್ಲಿ ಆಫೀಸು ನಡೆಸಿದವರು ಮನೆಮಾತಿನ ತುಳುವಿಗೋ ಕೊಂಕಣಿಗೋ ತಮಿಳಿಗೋ ಮರಳುತ್ತಾರೆ. ನೋವು, ನೀರು, ಚಳಿ, ಬಚ್ಚಲು, ಸಾಕು, ಬೇಡ, ನಿಧಾನ ಎಂಬಂಥ 25 ಮಾತುಗಳನ್ನು ಆಯಾ ಹಿರಿಯರ ಭಾಷೆಯಲ್ಲಿ, ಅಟೆಂಡರ್ ಓದುವ ಲಿಪಿಯಲ್ಲಿ ಬರೆದು ಅದೇ ಪುಟದ ಕೆಳಗೆ ಹಾಕಿ. ಬರಿಗೈ ಸನ್ನೆಗಿಂತ ಇದು ಎಷ್ಟೋ ಮೇಲು.

ಹಿಂದಿನ ಕೆಲಸದ ವಿವರಕ್ಕೂ ಬೆಲೆಯಿದೆ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿಗಳಲ್ಲಿ ಮೊದಲ ಪಾಳಿಗೆ ದುಡಿದವರು ಈ ಊರಿನಲ್ಲಿ ಸಾವಿರಾರು ಮಂದಿ. ಅಂಥವರೊಬ್ಬರು ಮರೆವು ಬಂದ ಮೇಲೆ ನಸುಕಿನ ಐದಕ್ಕೇ ಎದ್ದು ‘ಡ್ಯೂಟಿಗೆ ಹೊತ್ತಾಯ್ತು’ ಎಂದು ಗೇಟಿನ ಬಳಿ ನಿಂತರೆ, ಎಳೆದು ತಂದು ಮಲಗಿಸಿ ನಿದ್ದೆಮಾತ್ರೆ ಕೊಡುವುದು ಒಂದು ದಾರಿ. ಬಟ್ಟೆ ಹಾಕಿಸಿ, ಕಾಫಿ ಕೊಟ್ಟು, ಜೊತೆಗೆ ಕಾಂಪೌಂಡಿನಲ್ಲಿ ನಾಲ್ಕು ಸುತ್ತು ಹಾಕಿ, ಕೈಗೆ ಒಂದು ಕೆಲಸ ಕೊಡುವುದು ಇನ್ನೊಂದು. ಕೆಲಸ ಎಂದರೆ ಮಕ್ಕಳ ಬಣ್ಣದ ಪುಸ್ತಕವಲ್ಲ. ಅವರೇಕಾಯಿ ಕಾಲದಲ್ಲಿ ಕಾಯಿ ಬಿಡಿಸುವುದು, ನೆನೆಸಿದ ಕಾಳನ್ನು ಹಿತಕುವುದು, ಹೂ ಕಟ್ಟುವುದು, ಬತ್ತಿ ಹೊಸೆಯುವುದು, ನಟ್ಟು-ಬೋಲ್ಟು ಬೇರ್ಪಡಿಸುವುದು. ಹಿತಕಿದ ಬೇಳೆ ಅಡುಗೆಮನೆಗೆ ನಿಜಕ್ಕೂ ಬೇಕು, ಅದನ್ನು ಮಾಡಿಕೊಟ್ಟವರಿಗೂ ಅದು ಗೊತ್ತು. ಬೆರಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಫಿಸಿಯೊಥೆರಪಿಯಲ್ಲೂ ಸಿಗುವುದು ಕಷ್ಟ.

ಆಯ್ಕೆ ಕೊಡುವುದರಿಂದ ಆಗುವ ಲಾಭದ ಬಗ್ಗೆ ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಪ್ರಯೋಗ ಮಾಡಿ 1976ರಲ್ಲಿ ಪ್ರಕಟಿಸಿದ್ದರು. ಒಂದು ಮಹಡಿಯವರಿಗೆ ತಾವೇ ನೋಡಿಕೊಳ್ಳಬೇಕಾದ ಗಿಡ, ಸಿನಿಮಾ ಯಾವ ರಾತ್ರಿ ನೋಡಬೇಕೆಂಬ ಆಯ್ಕೆ. ಇನ್ನೊಂದು ಮಹಡಿಯಲ್ಲಿ ಗಿಡವನ್ನು ಸಿಬ್ಬಂದಿಯೇ ನೋಡಿಕೊಂಡರು. ಆಯ್ಕೆ ಇದ್ದವರು ಹೆಚ್ಚು ಚುರುಕಾಗಿ, ಲವಲವಿಕೆಯಿಂದ ಇದ್ದರು. ಅವರಲ್ಲಿ ಸಾವೂ ಕಡಿಮೆ ಎಂದು ಆಮೇಲೆ ಹೇಳಿದ್ದು ಮಾತ್ರ ಅಂಕಿಅಂಶದ ತಿದ್ದುಪಡಿಯಲ್ಲಿ ಬಲ ಕಳೆದುಕೊಂಡಿತು. ಆಯುಸ್ಸು ಹೆಚ್ಚುತ್ತದೆಂಬ ಆಸೆ ತೋರಿಸಿ ಆಯ್ಕೆಯನ್ನು ಮಾರಬೇಕಿಲ್ಲ. ಇಷ್ಟವಾದ ಸೀರೆ ಉಟ್ಟು ಕೂತ ಬೆಳಗು ಅದರಷ್ಟಕ್ಕೇ ಒಳ್ಳೆಯದು.

ಅಪಾಯವನ್ನು ಬರೆದು ಒಪ್ಪಿಕೊಳ್ಳುವುದು

ಸಕ್ಕರೆ ಕಾಯಿಲೆಯ ಅಜ್ಜ ದಿನಕ್ಕೊಂದು ಲೋಟ ಸಕ್ಕರೆ ಹಾಕಿದ ಫಿಲ್ಟರ್ ಕಾಫಿ ಕೇಳುತ್ತಾರೆ. ಇನ್ನೊಬ್ಬರು ಒಬ್ಬರೇ ಮೂಲೆಯ ದೇವಸ್ಥಾನಕ್ಕೆ ಹೋಗಿ ಬರಬೇಕೆನ್ನುತ್ತಾರೆ. ಸಾಮಾನ್ಯ ಉತ್ತರ ‘ಬೇಡ’. ಆದರೆ ಹಲವು ಕಾಯಿಲೆಗಳಿರುವ ಹಿರಿಯರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) ಶೇ 8ರೊಳಗಿದ್ದರೆ ಸಾಕೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೇ ಸಡಿಲಿಕೆ ಕೊಡುತ್ತದೆ. ಅವರಿಗೆ ಸಕ್ಕರೆ ತೀರಾ ಇಳಿದು ತಲೆಸುತ್ತಿ ಬೀಳುವುದೇ ಹೆಚ್ಚು ಅಪಾಯ. ದೇವಸ್ಥಾನದ ದಾರಿಯ ವಿಷಯ ನಿಜಕ್ಕೂ ಕಠಿಣ, ಕಿತ್ತುಹೋದ ಚಪ್ಪಡಿ, ಫುಟ್‌ಪಾತಿನ ಮೇಲೆ ನಿಂತ ಬೈಕುಗಳು ಎಲ್ಲರಿಗೂ ಗೊತ್ತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದಿವೆ. ಹಿರಿಯರ ಸ್ವಾತಂತ್ರ್ಯಕ್ಕೆ ಅವು ಮಾಡಬಹುದಾದ ಅತಿ ದೊಡ್ಡ ಉಪಕಾರ ನಡೆಯಬಲ್ಲ ಫುಟ್‌ಪಾತು.

ಅಲ್ಲಿಯವರೆಗೆ ಮಾಡಬಹುದಾದದ್ದು, ಆಸೆಗೂ ಅಪಾಯಕ್ಕೂ ಒಂದೇ ಹಾಳೆಯಲ್ಲಿ ಜಾಗ ಕೊಡುವುದು. ಅವರಿಗೇನು ಬೇಕು, ಏನು ಕೆಡಬಹುದು, ಅದನ್ನು ಕಡಿಮೆ ಮಾಡಲು ಏನು ಮಾಡುತ್ತೇವೆ, ಯಾರು ಒಪ್ಪಿದರು, ಮತ್ತೆ ಯಾವಾಗ ನೋಡುತ್ತೇವೆ ಎಂದು ಬರೆದಿಡಬೇಕು. ದೇವಸ್ಥಾನದ ವಿಷಯದಲ್ಲಿ: ಬೆಳಗ್ಗೆ ಏಳರೊಳಗೆ, ಟ್ರಾಫಿಕ್ ಏರುವ ಮೊದಲು. ಹಿಂದೆ ಪಟ್ಟಿಯಿರುವ ಚಪ್ಪಲಿ, ಜೇಬಿನಲ್ಲಿ ವಿಳಾಸದ ಚೀಟಿ ಮತ್ತು ಫೋನು. ಕೋಲಿನ ಹಿಡಿ ನಿಂತಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ, ಕೋಲು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ. ತುದಿಯ ರಬ್ಬರ್ ಸವೆದಿದ್ದರೆ ಮೊದಲು ಬದಲಿಸಿ. ಹೀಗೆ ಬರೆದಿದ್ದರೆ ಒಂದು ವೇಳೆ ಬಿದ್ದರೂ ‘ಯಾಕೆ ಬಿಟ್ಟಿರಿ’ ಎಂದು ಅಟೆಂಡರ್ ಒಬ್ಬರ ಮೇಲೆ ತಪ್ಪು ಹೊರಿಸುವುದು ನಿಲ್ಲುತ್ತದೆ. ಆ ಭಯ ಹೋಗದೆ ಯಾವ ಅಟೆಂಡರೂ ಯಾರನ್ನೂ ಏಳಲು ಬಿಡುವುದಿಲ್ಲ.

ಎಲ್ಲ ಅಪಾಯಗಳೂ ಒಪ್ಪುವಂಥವಲ್ಲ. ನುಂಗುವಾಗ ಕೆಮ್ಮು ಬರುವವರಿಗೆ ನೆಟ್ಟಗೆ ಕೂರಿಸಿ, ಹದವಾದ ಆಹಾರ ಕೊಟ್ಟು, ಉಂಡ ಮೇಲೆ ಅರ್ಧ ಗಂಟೆ ಮಲಗಿಸದೆ ಇರುವುದನ್ನು ಸಡಿಲಿಸಲಾಗದು.

ಮಾತ್ರೆಯಿಂದ ಕಟ್ಟಿಹಾಕುವುದು ಹೊರಗೆ ಕಾಣದು. 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆ ಎಂದು ಹಿರಿಯರ ರಾಷ್ಟ್ರೀಯ ಸಮೀಕ್ಷೆಯನ್ನು ಆಧರಿಸಿದ ಅಂದಾಜು ಹೇಳುತ್ತದೆ. ಅವರು ರಾತ್ರಿ ಎದ್ದು ಓಡಾಡಿದರೆ, ಕೂಗಿದರೆ, ತೀವ್ರ ಮನೋರೋಗಕ್ಕೆ ಕೊಡುವ ಕ್ವೆಟಿಯಾಪಿನ್, ರಿಸ್ಪೆರಿಡೋನ್‌ನಂಥ ಮಾತ್ರೆ ಶುರುವಾಗುತ್ತದೆ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇಂಥ ಔಷಧ ಸಾವಿನ ಅಪಾಯ ಹೆಚ್ಚಿಸುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತಿ ಗಂಭೀರ ಎಚ್ಚರಿಕೆ ಕೊಟ್ಟಿದೆ. ಕೆಲವೊಮ್ಮೆ ಅದು ಬೇಕಾಗುತ್ತದೆ. ಆದರೆ ಯಾರು ಬರೆದರು, ಯಾವ ಲಕ್ಷಣಕ್ಕೆ, ಯಾವ ದಿನ ಮತ್ತೆ ನೋಡುತ್ತಾರೆ ಎಂಬ ಮೂರು ಉತ್ತರವಿಲ್ಲದೆ ಅದು ಮುಂದುವರಿಯಬಾರದು. ಕೂಗಿಗೆ ಹಲ್ಲುನೋವು, ಮಲಬದ್ಧತೆ, ಹಸಿವು ಕಾರಣವೇ ಎಂದು ಮೊದಲು ಹುಡುಕಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ತಪ್ಪು, ಡಾಕ್ಟರ ಸಲಹೆಯಂತೆ ಇಳಿಸಬೇಕು.

ಫೋನು, ದುಡ್ಡು, ಕ್ಯಾಮೆರಾ

ಫೋನು ಹಿರಿಯರ ಕೈಯಲ್ಲೇ ಇರಬೇಕು, ಚಾರ್ಜರ್ ಮಂಚದ ಪಕ್ಕದಲ್ಲಿರಬೇಕು. ಫೋನು ಆಫೀಸಿನಲ್ಲಿ ಎಂದರೆ ಓಟಿಪಿಯೂ ಆಫೀಸಿನಲ್ಲಿ, ಪಿಂಚಣಿಯೂ ಬೇರೆಯವರ ಹಿಡಿತದಲ್ಲಿ. 70 ದಾಟಿದವರಿಗೆ ಬ್ಯಾಂಕುಗಳು ಮನೆಬಾಗಿಲ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸೂಚಿಸಿದೆ. ಪಿಂಚಣಿಯ ಜೀವನ ಪ್ರಮಾಣಪತ್ರವನ್ನು ಮುಖ ತೋರಿಸಿ ಫೋನಿನಲ್ಲೇ ಕೊಡಬಹುದು. ತಿಂಗಳಿಗೆ 500 ರೂಪಾಯಿಯಾದರೂ ಲೆಕ್ಕ ಕೊಡಬೇಕಿಲ್ಲದ ದುಡ್ಡು ಅವರ ಪರ್ಸಿನಲ್ಲಿರಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ಸು ಉಚಿತ, ಗೇಟಿನಿಂದಾಚೆ ಬಿಡದಿದ್ದರೆ ಅದು ಅಜ್ಜಿಗೆ ದಕ್ಕುವುದಿಲ್ಲ.

ಕೋಣೆಯಲ್ಲಿ ಕ್ಯಾಮೆರಾ ಬೇಕೆಂದು ಕೇಳುವವರು ಹೆಚ್ಚಾಗಿ ದೂರದ ಮಕ್ಕಳು. ಪಡಸಾಲೆಯಲ್ಲಿ, ಗೇಟಿನಲ್ಲಿ ಸರಿ. ಕೋಣೆಯೊಳಗೆ ಬಟ್ಟೆ ಬದಲಿಸುವವರನ್ನು ಕೇಳದೆ ಹಾಕುವುದು ಸಲ್ಲದು. ಬಚ್ಚಲಿನಲ್ಲಿ ಎಂದೂ ಕೂಡದು.

ಮಾತು ನಿಲ್ಲುವ ಮೊದಲು ಬರೆದಿಡಬೇಕಾದದ್ದು

ನಮ್ಮಲ್ಲಿ ಸಾಮಾನ್ಯ ಪವರ್ ಆಫ್ ಅಟಾರ್ನಿ ಬರೆದುಕೊಟ್ಟವರ ಬುದ್ಧಿಶಕ್ತಿ ಹೋದ ಮೇಲೆ ಉಳಿಯುವುದಿಲ್ಲ. ಬಹಳ ಕುಟುಂಬಗಳಿಗೆ ಇದು ಗೊತ್ತಾಗುವುದು ತಡವಾಗಿ. ಆಮೇಲೆ ಅವರ ಪರವಾಗಿ ವ್ಯವಹರಿಸುವ ಅಧಿಕಾರಕ್ಕಾಗಿ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಮರೆವಿನ ಕಾಯಿಲೆ ಆರಂಭದಲ್ಲೇ ಪತ್ತೆಯಾದರೆ ಮಾಡಬಹುದಾದ ಕೆಲಸಗಳು ಹಲವು. ಮಾನಸಿಕ ಚಿಕಿತ್ಸೆ ಹೇಗಿರಬೇಕು, ಹೇಗಿರಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಮುಂಚಿತ ನಿರ್ದೇಶನ ಬರೆಯಬಹುದು, ತಮ್ಮ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಹೆಸರಿಸಬಹುದು. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಕೇ ಎಂಬುದಕ್ಕೆ ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಜೀವಂತ ಉಯಿಲು ಇದೆ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ.

ಆಸ್ತಿಯ ದಾನಪತ್ರ ಬರೆಯುವುದಾದರೆ ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದಲ್ಲೇ ಇರಬೇಕು. ಹಾಗಿದ್ದೂ ನೋಡಿಕೊಳ್ಳದಿದ್ದರೆ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ ಉಪವಿಭಾಗ ಮಟ್ಟದ ನ್ಯಾಯಮಂಡಳಿಯಲ್ಲಿ ಅದನ್ನು ರದ್ದು ಮಾಡಿಸಬಹುದು. ಷರತ್ತಿಲ್ಲದಿದ್ದರೆ ಈ ದಾರಿ ಕಷ್ಟವೆಂದು 2022ರ ಸುದೇಶ್ ಛಿಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಿರುಕುಳವಿದ್ದರೆ ನಗರ ಪೊಲೀಸರ ಸಹಯೋಗದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುವ 1090, ದೇಶವ್ಯಾಪಿ ಸಹಾಯವಾಣಿ 14567 ಇವೆ.

ಕೇಂದ್ರ ನೋಡಲು ಹೋಗುವವರು ಭಾನುವಾರ ಹನ್ನೊಂದಕ್ಕೆ ಹೋಗಬೇಡಿ, ಅದು ತೋರಿಸುವ ಹೊತ್ತು. ಬೆಳಗ್ಗೆ ಏಳಕ್ಕೆ ಅಥವಾ ಸಂಜೆ ಆರೂವರೆಗೆ ಹೋಗಿ. ರಾತ್ರಿಯೂಟ ಆರೂವರೆಗೇ ಮುಗಿದಿದ್ದರೆ ಅದು ಹಿರಿಯರ ಹಸಿವಿನ ಹೊತ್ತೋ ಸಿಬ್ಬಂದಿಯ ಪಾಳಿಯ ಹೊತ್ತೋ ಎಂದು ಕೇಳಿ. ಹಿಂದಿನ ಮಧ್ಯಾಹ್ನ ಎಷ್ಟು ಮಂದಿ ಹಗಲುಡುಗೆಯಲ್ಲಿದ್ದರು ಎಂದು ಕೇಳಿ. ಕನ್ನಡಕ ಮತ್ತು ಕಿವಿಯ ಯಂತ್ರ ಹಿರಿಯರ ಮೈಮೇಲಿವೆಯೋ ಡ್ರಾಯರಿನಲ್ಲಿವೆಯೋ ನೋಡಿ. ಯಾರಾದರೂ ಒಬ್ಬ ಹಿರಿಯರನ್ನು ತೋರಿಸಿ, ‘ಇವರು ಏನು ಕೆಲಸದಲ್ಲಿದ್ದರು?’ ಎಂದು ಅಟೆಂಡರನ್ನು ಕೇಳಿ. ರಾತ್ರಿ ಎಷ್ಟು ಮಂದಿ ಎಚ್ಚರವಿರುತ್ತಾರೆ ಎಂಬುದನ್ನೂ ಕೇಳಬೇಕು, ‘ಇರುತ್ತಾರೆ’ ಎಂಬುದು ಬೇರೆ, ‘ಎಚ್ಚರವಿರುತ್ತಾರೆ’ ಎಂಬುದು ಬೇರೆ.

ಒಪ್ಪಂದದಲ್ಲಿ ಹಿರಿಯರ ಸಹಿಯೂ ಇರಲಿ. ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸು, ಕೋಣೆ ಬದಲಿಸುವ ಮೊದಲು ಅವರನ್ನು ಕೇಳುತ್ತಾರೆಯೇ, ಆಸ್ಪತ್ರೆಗೆ ಸೇರಿದರೆ ಜಾಗ ಉಳಿಯುತ್ತದೆಯೇ ಎಂಬುದು ಬರವಣಿಗೆಯಲ್ಲಿರಲಿ. ಮೊದಲ ಒಂದು ತಿಂಗಳು ಪ್ರಯೋಗದ ವಾಸ ಎಂದು ಬರೆಸಿ, ಮನೆಯನ್ನು ಅಷ್ಟರೊಳಗೆ ಬಾಡಿಗೆಗೆ ಕೊಟ್ಟುಬಿಡಬೇಡಿ. ಮೂರು ತಿಂಗಳಿಗೊಮ್ಮೆ ಆರೈಕೆಯ ಪರಿಶೀಲನೆಯ ದಿನಾಂಕಗಳನ್ನೂ ಒಪ್ಪಂದದಲ್ಲೇ ಹಾಕಿಸಿ. ಆ ಮಾತುಕತೆ ನಡೆಯಬೇಕಾದ್ದು ಹಿರಿಯರ ಮುಂದೆ, ಅವರೊಡನೆ. ಅವರಿಗೆ ಮಾತು ನಿಂತಿದ್ದರೆ ಮ್ಯಾನೇಜರರ ಜೊತೆ ದಿನವೂ ಸ್ನಾನ ಮಾಡಿಸುವ ಅಟೆಂಡರ್ ಕೂಡ ಅಲ್ಲಿ ಕೂರಬೇಕು. ಆ ಅಟೆಂಡರಿಗೆ ಆ ಒಂದು ಗಂಟೆ ಬೇರೆ ಡ್ಯೂಟಿ ಇಲ್ಲವೆಂಬುದನ್ನೂ ಬರೆಸಿ.